ಕ್ಷೇತ್ರ ಪಶುವೈದ್ಯರಿಗೆ ಅಂತರ್ಜಾಲದ ಆಕರ ಮಾಹಿತಿ ಹಾಗೂ ಪ್ರಕರಣ ಚರ್ಚೆ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳನ್ನು ಕುರಿತ ವಿವರಣೆ

ಪೀಠಿಕೆ

ಗ್ರಾಮೀಣ ಪ್ರದೇಶದಲ್ಲಿ ಸೇವೆ ಸಲ್ಲಿಸುತ್ತಿರುವ ಪಶುವೈದ್ಯರು ಬಹುತೇಕ ಸಂದರ್ಭಗಳಲ್ಲಿ ಒಬ್ಬರೇ ನಿರ್ಧಾರ ಕೈಗೊಳ್ಳಬೇಕಾಗುತ್ತದೆ. ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಪಕ್ಕದ ಕೊಠಡಿಯ ಹಿರಿಯರನ್ನು ಕೇಳಬಹುದು, ಗ್ರಂಥಾಲಯದ ಪುಸ್ತಕವನ್ನು ತೆರೆದು ನೋಡಬಹುದು. ಹೊಲದ ಬದುವಿನ ಮೇಲೆ, ಬಿದ್ದಿರುವ ರಾಸಿನ ಪಕ್ಕದಲ್ಲಿ ಕುಳಿತ ವೈದ್ಯರಿಗೆ ಈ ಅನುಕೂಲಗಳು ಇರುವುದಿಲ್ಲ. ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ನೀಗಿಸುವ ಸಾಧನಗಳಾಗಿ ಅಂತರ್ಜಾಲದಲ್ಲಿ ದೊರೆಯುವ ಆಕರ ಗ್ರಂಥಗಳು ಮತ್ತು ವೈದ್ಯರ ನಡುವಿನ ಪ್ರಕರಣ ಚರ್ಚೆಗಳು ಬಳಕೆಗೆ ಬಂದಿವೆ.

ಈ ಸಾಧನಗಳು ಯಾವುವು, ಯಾವುದನ್ನು ಎಷ್ಟರ ಮಟ್ಟಿಗೆ ನಂಬಬಹುದು, ಅವುಗಳನ್ನು ಯಾವ ಸಮಯದಲ್ಲಿ ಬಳಸಬೇಕು ಮತ್ತು ಈ ಕಾರ್ಯದಲ್ಲಿ ಪಶುಪಾಲಕರ ಪಾತ್ರವೇನು ಎಂಬುದನ್ನು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳನ್ನು ಗಮನದಲ್ಲಿಟ್ಟುಕೊಂಡು ಈ ಲೇಖನದಲ್ಲಿ ವಿವರಿಸಲಾಗಿದೆ. ಲೇಖಕರು ವಾಣಿಜ್ಯ ಪದವೀಧರರಾಗಿದ್ದು, ಪಶುವೈದ್ಯರಲ್ಲ. ಆದ್ದರಿಂದ ಔಷಧಗಳ ಪ್ರಮಾಣವನ್ನು ಇಲ್ಲಿ ನೀಡಿರುವುದಿಲ್ಲ. ಪ್ರಮಾಣವನ್ನು ಮೂಲ ಕೈಪಿಡಿಯಲ್ಲಿ ನೋಡುವುದೇ ಸೂಕ್ತ ಕ್ರಮ.

ನಾಲ್ಕು ತಾಲ್ಲೂಕುಗಳ ಪರಿಸ್ಥಿತಿ

ಇಂಡಿ ಮತ್ತು ಸಿಂದಗಿ ತಾಲ್ಲೂಕುಗಳು ಭೀಮಾ ನದಿಯ ಕಡೆಗೂ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳು ಕೃಷ್ಣಾ ನದಿಯ ಕಡೆಗೂ ಇವೆ. ನಡುವೆ ಡೋಣಿ ನದಿಯ ಎರೆಭೂಮಿ ಹರಡಿಕೊಂಡಿದೆ. ಈಚಿನ ವರ್ಷಗಳ ಪುನರ್ವಿಂಗಡಣೆಯಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಈ ಲೇಖನದಲ್ಲಿ ತಾಲ್ಲೂಕಿನ ಹೆಸರನ್ನು ಹಳೆಯ ವ್ಯಾಪ್ತಿಯ ಅರ್ಥದಲ್ಲಿಯೇ ಬಳಸಲಾಗಿದೆ.

ಖಿಲಾರಿ ಎತ್ತುಗಳು, ಕೃಷ್ಣಾ ಕಣಿವೆ ತಳಿಯ ದನಗಳು, ಎಮ್ಮೆಗಳು, ಮಿಶ್ರತಳಿ ಹಸುಗಳು, ಕುರಿ ಮತ್ತು ಮೇಕೆಗಳು ಇಲ್ಲಿನ ಪಶುಸಂಪತ್ತು. ಹಿಂಗಾರಿ ಬಿಳಿಜೋಳ ಈ ಭಾಗದ ಮುಖ್ಯ ಬೆಳೆಯಾಗಿದ್ದು, ಮನೆಯವರಿಗೆ ರೊಟ್ಟಿಯನ್ನೂ ದನಗಳಿಗೆ ಕಣಕಿಯನ್ನೂ ಅದೇ ಹೊಲ ಒದಗಿಸುತ್ತದೆ. ಮಳೆ ಕಡಿಮೆ ಬೀಳುವ ಪ್ರದೇಶವಾದ್ದರಿಂದ ಬೆಳೆ ಬಾಡುವುದು, ಮತ್ತೆ ಮಳೆಯಾದಾಗ ಚಿಗುರುವುದು ಸಾಮಾನ್ಯ. ಇದಕ್ಕೆ ತದ್ವಿರುದ್ಧವಾಗಿ 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ಪ್ರವಾಹದಿಂದ ಇಂಡಿ ಮತ್ತು ಸಿಂದಗಿ ಭಾಗದ ನದಿತೀರದ ಗ್ರಾಮಗಳು ತೊಂದರೆಗೊಳಗಾದವು. ಬರಗಾಲದ ವಿಷಬಾಧೆ ಮತ್ತು ನೆರೆಯ ನಂತರದ ಸಾಂಕ್ರಾಮಿಕ ರೋಗ ಇವೆರಡಕ್ಕೂ ಇಲ್ಲಿನ ಪಶುವೈದ್ಯರು ಸಿದ್ಧರಿರಬೇಕಾಗುತ್ತದೆ.

ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಬೀದರ್‌ನಲ್ಲಿದೆ. ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಬೆಂಗಳೂರಿನ ಹೆಬ್ಬಾಳದಲ್ಲಿದೆ. ತಜ್ಞರ ಸಲಹೆ ಬೇಕಾದಾಗ ರಾಸನ್ನು ಅಷ್ಟು ದೂರ ಸಾಗಿಸಲು ಬಹುತೇಕ ರೈತರಿಗೆ ಸಾಧ್ಯವಿಲ್ಲ. ರಾಸು ಹೋಗಲಾಗದ ಕಡೆಗೆ ಅದರ ವಿವರವನ್ನು ಕಳುಹಿಸಬಹುದು ಎಂಬುದೇ ಅಂತರ್ಜಾಲದ ಪ್ರಯೋಜನ.

ಒಂದೇ ಬೆಳೆ, ಎರಡು ವಿಷ

ಸರಿಯಾದ ಆಕರ ಮಾಹಿತಿ ಏಕೆ ಅವಶ್ಯಕ ಎಂಬುದನ್ನು ತಿಳಿಯಲು ಜೋಳದ ಹೊಲಕ್ಕಿಂತ ಉತ್ತಮ ಉದಾಹರಣೆ ಈ ಭಾಗದಲ್ಲಿ ದೊರೆಯುವುದು ಕಷ್ಟ.

ಜೋಳದ ಎಳೆಯ ಸಸಿ, ಕೊಯ್ಲಿನ ನಂತರ ಕೂಳೆಯಿಂದ ಬರುವ ಚಿಗುರು, ಮಳೆಯಿಲ್ಲದೆ ಕುಂಠಿತಗೊಂಡ ಬೆಳೆ ಮತ್ತು ಬಾಡಿದ ಬಳಿಕ ಮಳೆ ಕಂಡು ಹೊಸದಾಗಿ ಚಿಗುರಿದ ಎಲೆಗಳಲ್ಲಿ ಧುರ್ರಿನ್ ಎಂಬ ವಸ್ತು ಹೆಚ್ಚಾಗಿರುತ್ತದೆ. ರಾಸು ಅದನ್ನು ಅಗಿದು ನುಂಗಿದಾಗ ಧುರ್ರಿನ್ ಒಡೆದು ಹೈಡ್ರೋಸಯನಿಕ್ ಆಮ್ಲ ಬಿಡುಗಡೆಯಾಗುತ್ತದೆ. ರಕ್ತದಲ್ಲಿ ಆಮ್ಲಜನಕವಿದ್ದರೂ ದೇಹದ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾಗದಂತೆ ಈ ವಿಷ ತಡೆಯುತ್ತದೆ. ಆದ್ದರಿಂದ ಆರಂಭದಲ್ಲಿ ರಕ್ತವು ಹೊಳೆಯುವ ಕಡುಗೆಂಪು ಬಣ್ಣದಲ್ಲಿ ಕಾಣುತ್ತದೆ. ಮೇಯ್ದ ಕೆಲವೇ ನಿಮಿಷಗಳಲ್ಲಿ ಏದುಸಿರು, ಜೊಲ್ಲು, ತತ್ತರಿಕೆ ಮತ್ತು ಸೆಳೆತ ಕಾಣಿಸಿಕೊಳ್ಳಬಹುದು. ತೀವ್ರವಾಗಿ ಬಾಧೆಗೊಂಡ ರಾಸು ಲಕ್ಷಣ ಕಂಡ ಮೇಲೆ ಎರಡು ಗಂಟೆ ಕಾಲ ಉಳಿಯುವುದೂ ಅಪರೂಪ.

ಇದೇ ಜೋಳದಲ್ಲಿ, ಅದರಲ್ಲೂ ಬರಗಾಲದಲ್ಲಿ ಅಥವಾ ಸಾರಜನಕ ಗೊಬ್ಬರ ಅತಿಯಾದಾಗ, ದಂಟಿನ ಕೆಳಭಾಗದಲ್ಲಿ ನೈಟ್ರೇಟ್ ಶೇಖರವಾಗುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಇದು ನೈಟ್ರೈಟ್ ಆಗಿ ಬದಲಾಗಿ ರಕ್ತಕ್ಕೆ ಸೇರುತ್ತದೆ. ಆಗ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಚಾಕೊಲೇಟಿನ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊರಗಿನಿಂದ ನೋಡಿದವರಿಗೆ ಲಕ್ಷಣಗಳು ಬಹುಮಟ್ಟಿಗೆ ಒಂದೇ: ಏದುಸಿರು, ತತ್ತರಿಕೆ, ಬೀಳುವಿಕೆ, ಸಾವು.

ಆದರೆ ಚಿಕಿತ್ಸೆ ಒಂದೇ ಅಲ್ಲ. ಹೈಡ್ರೋಸಯನಿಕ್ ಆಮ್ಲದ ವಿಷಬಾಧೆಗೆ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಔಷಧಗಳನ್ನು ರಕ್ತನಾಳಕ್ಕೆ ನೀಡಲಾಗುತ್ತದೆ. ನೈಟ್ರೇಟ್ ವಿಷಬಾಧೆಗೆ ಮೆಥಿಲೀನ್ ಬ್ಲೂ ನೀಡಲಾಗುತ್ತದೆ. ನೈಟ್ರೇಟ್‌ನಿಂದ ಬಾಧೆಗೊಂಡ ರಾಸಿಗೆ ತಪ್ಪಾಗಿ ಸೋಡಿಯಂ ನೈಟ್ರೈಟ್ ಕೊಟ್ಟರೆ, ಈಗಾಗಲೇ ರಕ್ತದಲ್ಲಿರುವ ವಿಷಕ್ಕೆ ಅದೇ ಬಗೆಯ ವಿಷವನ್ನು ಸೇರಿಸಿದಂತಾಗುತ್ತದೆ. ಒಂದು ಬಾಧೆಯಲ್ಲಿ ಜೀವ ಉಳಿಸುವ ಔಷಧ ಇನ್ನೊಂದರಲ್ಲಿ ಜೀವ ತೆಗೆಯಬಹುದು.

ಮೇವಿನ ವಿಚಾರದಲ್ಲಿಯೂ ಇದೇ ವ್ಯತ್ಯಾಸವಿದೆ. ಚೆನ್ನಾಗಿ ಒಣಗಿಸಿದ ಮೇವಿನಲ್ಲಿ ಹೈಡ್ರೋಸಯನಿಕ್ ಆಮ್ಲದ ಅಪಾಯ ಬಹಳಷ್ಟು ತಗ್ಗುತ್ತದೆ. ನೈಟ್ರೇಟ್ ಮಾತ್ರ ಒಣಗಿಸುವುದರಿಂದ ಹೋಗುವುದಿಲ್ಲ. ಆದ್ದರಿಂದ "ಒಣ ಕಣಕಿ ತಿಂದ ದನಕ್ಕೆ ವಿಷವಾಗದು" ಎಂಬ ಮಾತು ಅರ್ಧ ಸತ್ಯ ಮಾತ್ರ.

ಈ ವಿವರಗಳೆಲ್ಲವೂ ಪಶುವೈದ್ಯಕೀಯ ಪದವಿಯ ಪಠ್ಯದಲ್ಲಿ ಇರುವಂಥವೇ. ಆದರೆ ವರ್ಷಕ್ಕೆ ಒಂದೆರಡು ಬಾರಿ ಎದುರಾಗುವ ಪ್ರಕರಣದಲ್ಲಿ, ಅವಸರದ ಗಳಿಗೆಯಲ್ಲಿ, ಪ್ರಮಾಣ ಮತ್ತು ಕ್ರಮ ಎರಡನ್ನೂ ನೆನಪಿನಿಂದಲೇ ಹೇಳುವುದು ಎಲ್ಲರಿಗೂ ಸಾಧ್ಯವಾಗದು. ಕೈಗೆಟುಕುವ ಕೈಪಿಡಿಯ ಬೆಲೆ ಇಂತಹ ಗಳಿಗೆಯಲ್ಲಿ ತಿಳಿಯುತ್ತದೆ.

ನಂಬಲರ್ಹ ಆಕರಗಳು

ಅಂತರ್ಜಾಲದಲ್ಲಿ ಹುಡುಕಿದರೆ ಉತ್ತರಗಳು ನೂರಾರು ಬರುತ್ತವೆ. ಯಾರು ಬರೆದರು, ಯಾವಾಗ ಪರಿಷ್ಕರಿಸಿದರು ಎಂಬ ವಿವರವಿಲ್ಲದ ಬರಹವನ್ನು ಚಿಕಿತ್ಸೆಗೆ ಆಧಾರವಾಗಿ ಪರಿಗಣಿಸಬಾರದು. ಲೆಕ್ಕಪತ್ರ ಶಾಖೆಯಲ್ಲಿ ಓಚರ್ ಇಲ್ಲದ ಖರ್ಚನ್ನು ಒಪ್ಪುವುದಿಲ್ಲವಷ್ಟೆ. ಅದೇ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಕ್ಷೇತ್ರ ಪಶುವೈದ್ಯರಿಗೆ ಉಪಯುಕ್ತವಾದ ಕೆಲವು ಆಕರಗಳು ಈ ಕೆಳಗಿನಂತಿವೆ.

1. ಎಂಎಸ್‌ಡಿ ಪಶುವೈದ್ಯಕೀಯ ಕೈಪಿಡಿ: ಅಮೆರಿಕ ಮತ್ತು ಕೆನಡಾದಲ್ಲಿ ಇದಕ್ಕೆ ಮರ್ಕ್ ಕೈಪಿಡಿ ಎಂಬ ಹೆಸರಿದೆ. 1955ರಲ್ಲಿ ಪುಸ್ತಕರೂಪದಲ್ಲಿ ಮೊದಲು ಪ್ರಕಟವಾಯಿತು. ಈಗ ಅಂತರ್ಜಾಲದಲ್ಲಿ ಶುಲ್ಕವಿಲ್ಲದೆ ಓದಬಹುದು. ರೋಗ, ವಿಷಬಾಧೆ, ಲಕ್ಷಣ, ಪತ್ತೆ ಮತ್ತು ಚಿಕಿತ್ಸೆಯನ್ನು ಕ್ರಮವಾಗಿ ನೀಡಲಾಗಿದೆ. ಮೇಲೆ ಹೇಳಿದ ಎರಡು ವಿಷಬಾಧೆಗಳಿಗೂ ಇದರಲ್ಲಿ ಪ್ರತ್ಯೇಕ ಅಧ್ಯಾಯಗಳಿವೆ.

2. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪ್ರಕಟಣೆಗಳು: 1924ರಲ್ಲಿ ಸ್ಥಾಪನೆಯಾದ, ಪ್ಯಾರಿಸ್‌ನಲ್ಲಿ ಕೇಂದ್ರವಿರುವ ಈ ಸಂಸ್ಥೆಯನ್ನು 2022ರವರೆಗೆ ಒಐಇ ಎಂಬ ಹ್ರಸ್ವನಾಮದಿಂದ ಕರೆಯಲಾಗುತ್ತಿತ್ತು. ಪ್ರಮುಖ ಸಾಂಕ್ರಾಮಿಕ ರೋಗಗಳ ಪತ್ತೆ ಮತ್ತು ಲಸಿಕೆ ಕುರಿತ ಇದರ ಕೈಪಿಡಿ ಹಾಗೂ ರೋಗವಾರು ಮಾಹಿತಿ ಪತ್ರಗಳು ಉಚಿತವಾಗಿ ಲಭ್ಯವಿವೆ. ಯಾವ ಮಾದರಿಯನ್ನು ಯಾವ ಪರೀಕ್ಷೆಗೆ ತೆಗೆಯಬೇಕು ಎಂಬ ಸಂದೇಹಕ್ಕೆ ಇದು ಉತ್ತಮ ಆಧಾರ.

3. ಆಹಾರ ಮತ್ತು ಕೃಷಿ ಸಂಸ್ಥೆಯ ಕ್ಷೇತ್ರ ಕೈಪಿಡಿಗಳು: ವಿಶ್ವಸಂಸ್ಥೆಯ ಅಂಗವಾದ ಈ ಸಂಸ್ಥೆಯು ವೈದ್ಯರು ಹೊಲದಲ್ಲಿಯೇ ಬಳಸಬಹುದಾದ ಸಚಿತ್ರ ಕೈಪಿಡಿಗಳನ್ನು ಹೊರತಂದಿದೆ. ಇವುಗಳ ಪೈಕಿ ಚರ್ಮಗಂಟು ರೋಗದ ಕೈಪಿಡಿ 2017ರಲ್ಲಿ ಪ್ರಕಟವಾಯಿತು.

4. ಪಬ್‌ಮೆಡ್ ಮತ್ತು ಪಬ್‌ಮೆಡ್ ಸೆಂಟ್ರಲ್: ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ನಿರ್ವಹಿಸುವ ಈ ಸೂಚಿಗಳಲ್ಲಿ ಪಶುವೈದ್ಯಕೀಯ ಸಂಶೋಧನಾ ಲೇಖನಗಳೂ ಸೇರಿವೆ. ಮೊದಲನೆಯದರಲ್ಲಿ ಸಾರಾಂಶಗಳೂ, 2000ನೇ ಇಸವಿಯಲ್ಲಿ ಆರಂಭವಾದ ಎರಡನೆಯದರಲ್ಲಿ ಪೂರ್ಣ ಲೇಖನಗಳೂ ಶುಲ್ಕವಿಲ್ಲದೆ ದೊರೆಯುತ್ತವೆ.

5. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ನಿಯತಕಾಲಿಕಗಳು ಮತ್ತು ಕೃಷಿಕೋಶ: ಪರಿಷತ್ತಿನ ಪಶುವಿಜ್ಞಾನ ನಿಯತಕಾಲಿಕವು ಅಂತರ್ಜಾಲದಲ್ಲಿ ಮುಕ್ತವಾಗಿದೆ. ಕೃಷಿಕೋಶದಲ್ಲಿ ದೇಶದ ಕೃಷಿ ಮತ್ತು ಪಶುವೈದ್ಯಕೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರಬಂಧಗಳನ್ನು ಕಾಣಬಹುದು. ನಮ್ಮ ತಳಿ, ನಮ್ಮ ಮೇವು ಮತ್ತು ನಮ್ಮ ಹವಾಮಾನವನ್ನು ಕುರಿತ ಅಧ್ಯಯನಗಳು ವಿದೇಶದ ಪುಸ್ತಕಗಳಲ್ಲಿ ವಿರಳ. ಆ ಕೊರತೆಯನ್ನು ಇವು ತುಂಬಬಲ್ಲವು.

6. ರಾಷ್ಟ್ರೀಯ ಪಶುವೈದ್ಯಕೀಯ ಸೋಂಕುಶಾಸ್ತ್ರ ಮತ್ತು ರೋಗ ಮಾಹಿತಿ ಸಂಸ್ಥೆಯ ಮುನ್ಸೂಚನೆ: ನಿವೇದಿ ಎಂಬ ಹ್ರಸ್ವನಾಮದ ಈ ಸಂಸ್ಥೆ ಬೆಂಗಳೂರಿನ ಯಲಹಂಕದಲ್ಲಿದೆ. ಯಾವ ಜಿಲ್ಲೆಯಲ್ಲಿ ಯಾವ ರೋಗ ಕಾಣಿಸಿಕೊಳ್ಳುವ ಸಂಭವವಿದೆ ಎಂಬುದನ್ನು ಸುಮಾರು ಎರಡು ತಿಂಗಳು ಮುಂಚಿತವಾಗಿ, ಪ್ರತಿ ತಿಂಗಳು ಪ್ರಕಟಿಸುತ್ತದೆ. ಚಪ್ಪೆರೋಗ, ಗಳಲೆರೋಗ, ಹಿರೇಬೇನೆ ಮೊದಲಾದವುಗಳ ಲಸಿಕಾ ಯೋಜನೆ ರೂಪಿಸುವಾಗ ಇದನ್ನು ನೋಡುವುದು ಉಪಯುಕ್ತ.

ಚಂದಾ ಪಡೆದೇ ಓದಬೇಕಾದ ನಿಯತಕಾಲಿಕಗಳೂ ಹಲವಾರಿವೆ. ಕೃಷಿ ಸಂಸ್ಥೆಗಳಿಗಾಗಿ 2007ರಲ್ಲಿ ಸೆರಾ ಎಂಬ ವಿದ್ಯುನ್ಮಾನ ಸಂಪನ್ಮೂಲ ಒಕ್ಕೂಟವು ಆರಂಭವಾಯಿತು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ 2025ರ ಜನವರಿ 1ರಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಜಾರಿಗೆ ಬಂದಿದೆ. ಇವುಗಳ ಪ್ರಯೋಜನ ದೊರೆಯುವುದು ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ತಾಲ್ಲೂಕು ಪಶು ಆಸ್ಪತ್ರೆ ಆ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ಕ್ಷೇತ್ರದ ವೈದ್ಯರು ಪಶುವೈದ್ಯಕೀಯ ಮಹಾವಿದ್ಯಾಲಯದ ಅಧ್ಯಾಪಕರೊಂದಿಗೆ ಸಂಪರ್ಕವಿಟ್ಟುಕೊಂಡು ನಿರ್ದಿಷ್ಟ ವಿಷಯದ ಬಗ್ಗೆ ವಿಚಾರಿಸುವುದು ಪ್ರಾಯೋಗಿಕ ಮಾರ್ಗ.

ಹೊಸ ರೋಗ ಬಂದಾಗ

ಆಕರವನ್ನು ಆಗಾಗ ಪರಿಷ್ಕರಿಸುವ ಅಗತ್ಯವನ್ನು ಚರ್ಮಗಂಟು ರೋಗ ತೋರಿಸಿಕೊಟ್ಟಿದೆ. 2019ರಲ್ಲಿ ಒಡಿಶಾ ರಾಜ್ಯದಲ್ಲಿ ಪತ್ತೆಯಾಗುವವರೆಗೆ ಈ ರೋಗ ಭಾರತದಲ್ಲಿ ವರದಿಯಾಗಿರಲಿಲ್ಲ. ಅದಕ್ಕೂ ಮುನ್ನ ಪದವಿ ಪಡೆದ ವೈದ್ಯರು ಇದನ್ನು ಪರದೇಶದ ರೋಗವೆಂದೇ ಓದಿದ್ದರು. 2022ರಲ್ಲಿ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ರೋಗ ವ್ಯಾಪಕವಾಗಿ ಹರಡಿದಾಗ ಹಳೆಯ ಪುಸ್ತಕದಲ್ಲಿ ದೊರೆಯುತ್ತಿದ್ದುದು ಕೆಲವೇ ಸಾಲುಗಳು. ರೋಗದ ಹಂತಗಳ ಚಿತ್ರಗಳು, ಗಂಟುಗಳ ವಯಸ್ಸನ್ನು ಅಂದಾಜಿಸುವ ಬಗೆ, ಕಚ್ಚುವ ಕೀಟಗಳ ಪಾತ್ರ, ಮಾದರಿ ತೆಗೆಯುವ ವಿಧಾನ ಇವೆಲ್ಲವೂ ಮೇಲೆ ಹೇಳಿದ ಅಂತರರಾಷ್ಟ್ರೀಯ ಕೈಪಿಡಿಗಳಲ್ಲಿ ಆಗಲೇ ಸಿದ್ಧವಾಗಿದ್ದವು. ನಮ್ಮಲ್ಲಿ ಮೇಕೆ ಸಿಡುಬಿನ ಲಸಿಕೆಯನ್ನು ದನಗಳಿಗೆ ಬಳಸುವ ಕ್ರಮವನ್ನು ಕುರಿತ ಸೂಚನೆಗಳು ಮಾತ್ರ ಸರ್ಕಾರದ ಸುತ್ತೋಲೆಗಳಿಂದಲೇ ದೊರೆಯಬೇಕಾಗಿತ್ತು. ರೋಗದ ವಿಜ್ಞಾನವನ್ನು ಕೈಪಿಡಿಯಿಂದ ಮತ್ತು ಅನುಸರಿಸಬೇಕಾದ ಕ್ರಮವನ್ನು ಇಲಾಖೆಯ ಸುತ್ತೋಲೆಯಿಂದ ತಿಳಿಯುವುದು ಸರಿಯಾದ ವಿಂಗಡಣೆ.

ವಿದೇಶಿ ಆಕರವನ್ನು ಓದುವಾಗ ಗಮನಿಸಬೇಕಾದ ಅಂಶಗಳು

ಕೈಪಿಡಿಯಲ್ಲಿ ಇರುವ ಔಷಧವೆಲ್ಲವೂ ನಮ್ಮ ದೇಶದಲ್ಲಿ ಜಾನುವಾರುಗಳಿಗೆ ಬಳಸಲು ಅನುಮತಿ ಪಡೆದಿರುವುದಿಲ್ಲ. ರಣಹದ್ದುಗಳ ಸಾವಿಗೆ ಕಾರಣವೆಂದು ಸಿದ್ಧವಾದ ಡೈಕ್ಲೋಫೆನಾಕ್ ಔಷಧವನ್ನು ಪಶುಗಳಲ್ಲಿ ಬಳಸುವುದನ್ನು ತಡೆಯಲು 2006ರಿಂದ ಕ್ರಮ ಕೈಗೊಳ್ಳಲಾಗಿದೆ. ಇದೇ ಕಾರಣಕ್ಕಾಗಿ ಕೀಟೋಪ್ರೋಫೆನ್ ಮತ್ತು ಅಸೆಕ್ಲೋಫೆನಾಕ್ ಔಷಧಗಳನ್ನು ಪಶುಗಳ ಬಳಕೆಗಾಗಿ ತಯಾರಿಸುವುದು ಹಾಗೂ ಮಾರುವುದನ್ನು 2023ರಲ್ಲಿ ನಿಷೇಧಿಸಲಾಯಿತು. ಆಹಾರ ಉತ್ಪಾದಿಸುವ ಪ್ರಾಣಿಗಳಿಗೆ ಕೊಲಿಸ್ಟಿನ್ ಪ್ರತಿಜೈವಿಕವನ್ನು 2019ರಲ್ಲಿ ನಿಷೇಧಿಸಲಾಗಿದೆ. ಹಳೆಯ ಅಥವಾ ವಿದೇಶಿ ಬರಹದಲ್ಲಿ ಈ ಹೆಸರುಗಳು ಕಂಡುಬಂದರೆ ಅವುಗಳನ್ನು ಅನುಸರಿಸಬಾರದು.

ಔಷಧ ನೀಡಿದ ಬಳಿಕ ಹಾಲನ್ನು ಎಷ್ಟು ದಿನ ಮಾರಾಟ ಮಾಡಬಾರದು ಎಂಬ ಅವಧಿಯೂ ದೇಶದಿಂದ ದೇಶಕ್ಕೆ, ತಯಾರಿಕೆಯಿಂದ ತಯಾರಿಕೆಗೆ ಬದಲಾಗುತ್ತದೆ. ನಮ್ಮಲ್ಲಿ ದೊರೆಯುವ ಔಷಧದ ಚೀಟಿಯಲ್ಲಿ ಮುದ್ರಿತವಾದ ಅವಧಿಯನ್ನು ಪಾಲಿಸಬೇಕು ಮತ್ತು ಅದನ್ನು ಪಶುಪಾಲಕರಿಗೆ ಬಾಯಿಮಾತಿನಲ್ಲಿ ತಿಳಿಸಿ, ಬರೆದೂ ಕೊಡಬೇಕು.

ಪ್ರಕರಣ ಚರ್ಚೆ

ಒಬ್ಬ ವೈದ್ಯರು ತಮ್ಮ ಮುಂದಿರುವ ಪ್ರಕರಣದ ವಿವರವನ್ನು ಇತರ ವೈದ್ಯರ ಮುಂದಿಟ್ಟು ಅಭಿಪ್ರಾಯ ಪಡೆಯುವುದೇ ಪ್ರಕರಣ ಚರ್ಚೆ. ಅಮೆರಿಕದಲ್ಲಿ 1991ರಲ್ಲಿ ಆರಂಭವಾದ ಪಶುವೈದ್ಯರ ಮಾಹಿತಿ ಜಾಲವೊಂದು ಚಂದಾದಾರ ವೈದ್ಯರಿಗೆ ಈ ಸೌಲಭ್ಯವನ್ನು ಗಣಕಯಂತ್ರದ ಮೂಲಕ ಒದಗಿಸಿತು. ನಮ್ಮ ಜಿಲ್ಲೆಗಳಲ್ಲಿ ಇಂದು ಮೊಬೈಲ್ ದೂರವಾಣಿ ಮತ್ತು ವಾಟ್ಸ್‌ಆ್ಯಪ್ ಗುಂಪುಗಳೇ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುತ್ತಿವೆ.

ಚರ್ಚೆಯ ಫಲವು ಪ್ರಶ್ನೆಯ ಗುಣವನ್ನು ಅವಲಂಬಿಸಿರುತ್ತದೆ. ವಿವರಣೆಗಾಗಿ ಎರಡು ಕಲ್ಪಿತ ಸಂದೇಶಗಳನ್ನು ಇಲ್ಲಿ ನೀಡಲಾಗಿದೆ.

ಮೊದಲನೆಯದು: "ಎತ್ತು ಬಿದ್ದಿದೆ, ಉಸಿರಾಟ ಜೋರಾಗಿದೆ. ಯಾವ ಇಂಜೆಕ್ಷನ್ ಕೊಡಬೇಕು?"

ಎರಡನೆಯದು: "ನಾಲ್ಕು ವರ್ಷದ ಖಿಲಾರಿ ಎತ್ತು, ಅಂದಾಜು ತೂಕ 400 ಕೆ.ಜಿ. ಬೆಳಿಗ್ಗೆ 9 ಗಂಟೆಗೆ ಜೋಳದ ಹೊಲಕ್ಕೆ ನುಗ್ಗಿ ಮೇಯ್ದಿದೆ. ಬೆಳೆ ಮೊಣಕಾಲೆತ್ತರ, 20 ದಿನ ಮಳೆಯಿಲ್ಲದೆ ಬಾಡಿ, ಮೂರು ದಿನಗಳ ಹಿಂದೆ ಮಳೆಯಾಗಿದೆ. ಯೂರಿಯಾ ಹಾಕಿಲ್ಲವೆಂದು ರೈತರು ಹೇಳುತ್ತಾರೆ. 9.30ಕ್ಕೆ ತತ್ತರಿಕೆ ಆರಂಭ. ಜ್ವರವಿಲ್ಲ. ಕಣ್ಣಿನ ಒಳಪದರ ಮತ್ತು ಸೂಜಿಯಲ್ಲಿ ಬಂದ ರಕ್ತ ಹೊಳೆಯುವ ಕೆಂಪು. ಜೊತೆಯಲ್ಲಿ ಮೇಯ್ದ ಆಕಳು ಸತ್ತಿದೆ, ಮೂಗು ಗುದದ್ವಾರಗಳಿಂದ ರಕ್ತ ಬಂದಿಲ್ಲ. ಥಯೋಸಲ್ಫೇಟ್ ಕೊಡುತ್ತಿದ್ದೇನೆ. ಬೇರೇನನ್ನು ಗಮನಿಸಬೇಕು?"

ಮೊದಲ ಸಂದೇಶಕ್ಕೆ ಹತ್ತು ಜನ ಹತ್ತು ಔಷಧ ಸೂಚಿಸಬಹುದು. ಎರಡನೆಯದರಲ್ಲಿ ಬೆಳೆಯ ಸ್ಥಿತಿ, ಸಮಯ, ರಕ್ತದ ಬಣ್ಣ ಮತ್ತು ಕೈಗೊಂಡ ಕ್ರಮ ಇವೆಲ್ಲವೂ ಇರುವುದರಿಂದ ಉತ್ತರಿಸುವವರು ಊಹಿಸಬೇಕಾಗಿಲ್ಲ. ಬರೆಯುವ ವೈದ್ಯರೂ ಇಷ್ಟನ್ನು ಗಮನಿಸಿ ಬರೆಯುವಷ್ಟರಲ್ಲಿ ರೋಗನಿರ್ಣಯಕ್ಕೆ ಬಹಳ ಹತ್ತಿರ ಬಂದಿರುತ್ತಾರೆ.

ಪ್ರಕರಣವನ್ನು ಮಂಡಿಸುವಾಗ ಈ ಕೆಳಕಂಡ ಅಂಶಗಳು ಇರುವಂತೆ ನೋಡಿಕೊಳ್ಳುವುದು.

ಅ) ಪ್ರಾಣಿಯ ಜಾತಿ, ತಳಿ, ವಯಸ್ಸು, ಲಿಂಗ, ಅಂದಾಜು ತೂಕ, ಗಬ್ಬ ಅಥವಾ ಹಾಲಿನ ಸ್ಥಿತಿ.
ಆ) ಲಕ್ಷಣ ಕಂಡ ಸಮಯ ಮತ್ತು ಅದಕ್ಕೂ ಹಿಂದಿನ 24 ಗಂಟೆಗಳಲ್ಲಿ ತಿಂದ ಮೇವು, ಕುಡಿದ ನೀರು.
ಇ) ಉಷ್ಣಾಂಶ, ಉಸಿರಾಟ, ನಾಡಿ, ಹೊಟ್ಟೆಯ ಚಲನೆ, ಕಣ್ಣು ಮತ್ತು ಬಾಯಿಯ ಒಳಪದರದ ಬಣ್ಣ.
ಈ) ಮಂದೆಯಲ್ಲಿ ಒಟ್ಟು ಎಷ್ಟು ಪ್ರಾಣಿಗಳು, ಬಾಧೆಗೊಂಡವು ಎಷ್ಟು, ಸತ್ತವು ಎಷ್ಟು.
ಉ) ಹಾಕಿಸಿದ ಲಸಿಕೆಗಳು ಮತ್ತು ಅವುಗಳ ದಿನಾಂಕ.
ಊ) ಈಗಾಗಲೇ ಕೊಟ್ಟ ಔಷಧ, ಪ್ರಮಾಣ ಮತ್ತು ಸಮಯ, ನಾಟಿ ಔಷಧವೂ ಸೇರಿದಂತೆ.
ಋ) ಹಗಲಿನ ಬೆಳಕಿನಲ್ಲಿ ತೆಗೆದ ಸ್ಪಷ್ಟ ಚಿತ್ರ. ಬಣ್ಣವೇ ಮುಖ್ಯವಾದಾಗ ಬಿಳಿ ಬಟ್ಟೆ ಅಥವಾ ಕಾಗದವನ್ನು ಪಕ್ಕದಲ್ಲಿಟ್ಟು ತೆಗೆಯುವುದು.

ಪಶುಪಾಲಕರ ಹೆಸರು, ದೂರವಾಣಿ ಸಂಖ್ಯೆ ಮತ್ತು ರಾಸಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯನ್ನು ಚರ್ಚೆಯಲ್ಲಿ ಹಾಕಬಾರದು. ಅವು ಆಸ್ಪತ್ರೆಯ ದಾಖಲೆಯಲ್ಲಿದ್ದರೆ ಸಾಕು. ಪ್ರಕರಣ ಮುಗಿದ ಮೇಲೆ ರಾಸು ಉಳಿಯಿತೇ, ಸತ್ತಿತೇ, ಪ್ರಯೋಗಾಲಯದ ವರದಿ ಏನು ಎಂಬುದನ್ನು ತಪ್ಪದೆ ತಿಳಿಸಬೇಕು. ಫಲಿತಾಂಶವಿಲ್ಲದ ಚರ್ಚೆಯು ಶಿಲ್ಕು ತೆಗೆಯದ ಖಾತೆಯಂತೆ. ಓದಿದವರಿಗೆ ಲಾಭವೋ ನಷ್ಟವೋ ತಿಳಿಯುವುದಿಲ್ಲ. ಸತ್ತ ರಾಸಿನ ಪ್ರಕರಣವನ್ನು ಮುಚ್ಚಿಡದೆ ಹೇಳಿದ ವೈದ್ಯರಿಂದ ಇತರರು ಕಲಿಯುವುದು ಹೆಚ್ಚು.

ಯಾವಾಗ ಓದಬೇಕು

ಮೇಲಿನ ಕಲ್ಪಿತ ಉದಾಹರಣೆಯನ್ನೇ ಮತ್ತೆ ಗಮನಿಸಿದರೆ ಒಂದು ಮುಖ್ಯ ಅಂಶ ಸ್ಪಷ್ಟವಾಗುತ್ತದೆ. ವೈದ್ಯರು ಉತ್ತರಕ್ಕಾಗಿ ಕಾಯಲಿಲ್ಲ. ಚಿಕಿತ್ಸೆ ಆರಂಭಿಸಿ ನಂತರ ಕೇಳಿದರು. ಹೈಡ್ರೋಸಯನಿಕ್ ಆಮ್ಲದ ಬಾಧೆಯಲ್ಲಿ ಹುಡುಕಿ ಓದುವಷ್ಟು, ಗುಂಪಿನಲ್ಲಿ ಕೇಳಿ ಕಾಯುವಷ್ಟು ಸಮಯ ಇರುವುದಿಲ್ಲ. ಊರ ಹೊರಗಿನ ಹೊಲದಲ್ಲಿ ಸಂಕೇತ ದೊರೆಯುವ ಭರವಸೆಯೂ ಇಲ್ಲ. ಆದ್ದರಿಂದ ಅಂತರ್ಜಾಲದ ಆಕರವು ತುರ್ತು ಸಮಯದ ಸಾಧನ ಎಂಬುದಕ್ಕಿಂತ ತುರ್ತಿಗೆ ಮೊದಲಿನ ಸಿದ್ಧತೆಯ ಸಾಧನ ಎಂದು ತಿಳಿಯುವುದು ಹೆಚ್ಚು ಸರಿ.

ಇದಕ್ಕಾಗಿ ಪ್ರತಿ ಹಂಗಾಮಿನ ಆರಂಭದಲ್ಲಿ ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಆಯಾ ಹಂಗಾಮಿನಲ್ಲಿ ನಿರೀಕ್ಷಿಸಬಹುದಾದ ನಾಲ್ಕಾರು ಬಾಧೆಗಳ ಪಟ್ಟಿ ಮಾಡಿ, ಅವುಗಳ ಅಧ್ಯಾಯಗಳನ್ನು ಮುಂಚಿತವಾಗಿ ಓದುವುದು.
2. ಚಿಕಿತ್ಸೆಯ ಪುಟವನ್ನು ಮೊಬೈಲ್‌ನಲ್ಲಿ ಸಂಪರ್ಕವಿಲ್ಲದೆಯೂ ತೆರೆಯುವಂತೆ ಉಳಿಸಿಕೊಳ್ಳುವುದು. ಒಂದು ಮುದ್ರಿತ ಪ್ರತಿಯನ್ನು ಔಷಧ ಪೆಟ್ಟಿಗೆಯಲ್ಲಿ ಇಡುವುದು.
3. ಪ್ರತಿವಿಷಗಳ ದಾಸ್ತಾನು ಮತ್ತು ಅವಧಿ ಮುಗಿಯುವ ದಿನಾಂಕವನ್ನು ಪರಿಶೀಲಿಸುವುದು. ಔಷಧವಿಲ್ಲದೆ ಜ್ಞಾನವಿದ್ದರೂ ರಾಸು ಉಳಿಯದು.
4. ಹೊಲದಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಗಳ ಸಾಮಗ್ರಿಯನ್ನು ಸಿದ್ಧವಿಡುವುದು. ಹೈಡ್ರೋಸಯನಿಕ್ ಆಮ್ಲವಿದ್ದಲ್ಲಿ ಹಳದಿ ಪಿಕ್ರೇಟ್ ಕಾಗದ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ನೈಟ್ರೇಟ್ ಇದ್ದಲ್ಲಿ ಡೈಫಿನೈಲಮಿನ್ ದ್ರಾವಣ ನೀಲಿಯಾಗುತ್ತದೆ.
5. ಹಂಗಾಮು ಮುಗಿದ ಬಳಿಕ ತಾಲ್ಲೂಕಿನ ವೈದ್ಯರು ಸೇರಿ ಆ ವರ್ಷದ ಪ್ರಕರಣಗಳನ್ನು ಪರಾಮರ್ಶಿಸುವುದು. ಇಂಡಿಯ ಅನುಭವ ಮುದ್ದೇಬಿಹಾಳಕ್ಕೂ, ಬಾಗೇವಾಡಿಯ ಅನುಭವ ಸಿಂದಗಿಗೂ ತಲುಪಲು ಇದು ಮಾರ್ಗವಾಗುತ್ತದೆ.

ಮಿತಿಗಳು ಮತ್ತು ಕಾನೂನು

ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ, 1984ರ ಪ್ರಕಾರ ಪಶುವೈದ್ಯ ವೃತ್ತಿಯನ್ನು ನೋಂದಾಯಿತ ಪಶುವೈದ್ಯರು ನಡೆಸಬೇಕು. ಚರ್ಚೆಯಲ್ಲಿ ಯಾರು ಏನೇ ಸಲಹೆ ನೀಡಿದರೂ ರಾಸನ್ನು ಕಣ್ಣಾರೆ ನೋಡಿ ಚಿಕಿತ್ಸೆ ನೀಡಿದ ವೈದ್ಯರೇ ಅದಕ್ಕೆ ಹೊಣೆಗಾರರು. ಚರ್ಚೆಯ ಸಂದೇಶವು ಮರಣೋತ್ತರ ಪರೀಕ್ಷಾ ವರದಿಗಾಗಲಿ, ವಿಮಾ ಪ್ರಮಾಣಪತ್ರಕ್ಕಾಗಲಿ ಬದಲಿಯಾಗುವುದಿಲ್ಲ.

ಪ್ರಾಣಿಗಳ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಹಾಗೂ ನಿಯಂತ್ರಣ ಕಾಯ್ದೆ, 2009ರ ಅನ್ವಯ ಪಟ್ಟಿಯಲ್ಲಿರುವ ರೋಗಗಳ ಸಂಶಯ ಬಂದಾಗ ವರದಿ ಮಾಡುವುದು ಕಡ್ಡಾಯ. ಗುಂಪಿನಲ್ಲಿ ಚಿತ್ರ ಹಾಕಿದ ಮಾತ್ರಕ್ಕೆ ವರದಿ ಮಾಡಿದಂತಾಗುವುದಿಲ್ಲ. ಹಾಗೆಯೇ ದೃಢಪಡದ ರೋಗದ ಹೆಸರನ್ನು ಸಾರ್ವಜನಿಕ ಗುಂಪುಗಳಿಗೆ ಹರಿಬಿಟ್ಟರೆ ಸಂತೆಯಲ್ಲಿ ರಾಸುಗಳ ಬೆಲೆ ಕುಸಿದು ರೈತರಿಗೆ ಹಾನಿಯಾಗುತ್ತದೆ.

ರಾಸು ಹಠಾತ್ತನೆ ಸತ್ತು ಮೂಗು, ಬಾಯಿ ಅಥವಾ ಗುದದ್ವಾರದಿಂದ ಹೆಪ್ಪುಗಟ್ಟದ ರಕ್ತ ಬರುತ್ತಿದ್ದರೆ ನೆರಡಿ ರೋಗವನ್ನು ಸಂಶಯಿಸಬೇಕು. ಅಂತಹ ಕಳೇಬರವನ್ನು ಯಾವ ಕಾರಣಕ್ಕೂ ಕೊಯ್ಯಬಾರದು, ಚರ್ಮ ಸುಲಿಯಬಾರದು. ಜೋಳದ ಹೊಲದಲ್ಲಿ ಸತ್ತಿತೆಂಬ ಒಂದೇ ಕಾರಣಕ್ಕೆ ವಿಷಬಾಧೆಯೆಂದು ತೀರ್ಮಾನಿಸಿ ಹೊಟ್ಟೆ ತೆರೆಯುವುದು ಮನುಷ್ಯರ ಪ್ರಾಣಕ್ಕೂ ಅಪಾಯಕಾರಿ.

ಪಶುಪಾಲಕರಿಗೆ ಸೂಚನೆಗಳು

ವೈದ್ಯರ ಕೈಯಲ್ಲಿ ಎಷ್ಟೇ ಉತ್ತಮ ಕೈಪಿಡಿಯಿದ್ದರೂ ರಾಸು ಏನು ತಿಂದಿತು, ಯಾವಾಗ ತಿಂದಿತು ಎಂಬುದನ್ನು ಹೇಳಬಲ್ಲವರು ಪಶುಪಾಲಕರು ಮಾತ್ರ. ಆದ್ದರಿಂದ ಈ ಕೆಳಗಿನವುಗಳನ್ನು ಗಮನಿಸಲು ಕೋರಲಾಗಿದೆ.

1. ಎಳೆಯ, ಬಾಡಿದ ಅಥವಾ ಕೂಳೆ ಚಿಗುರಿದ ಜೋಳದ ಹೊಲಕ್ಕೆ ಹಸಿದ ದನಗಳನ್ನು ಬಿಡಬಾರದು. ಹಸಿ ಮೇವಿನ ಜೋಳವನ್ನು ಹೂ ಬಿಟ್ಟ ನಂತರ ಕೊಯ್ದು ಹಾಕುವುದು ಸುರಕ್ಷಿತ.
2. ರಾಸು ತತ್ತರಿಸುವುದು ಕಂಡ ಕೂಡಲೇ ಉಳಿದವುಗಳನ್ನು ಹೊಲದಿಂದ ಹೊರಗೆ ತಂದು ಪಶುವೈದ್ಯರಿಗೆ ತಿಳಿಸಬೇಕು. 1962 ಉಚಿತ ಸಹಾಯವಾಣಿಗೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆಯನ್ನೂ ಕೋರಬಹುದು.
3. ಕರೆ ಮಾಡುವಾಗ "ದನ ಬಿದ್ದಿದೆ" ಎಂದಷ್ಟೇ ಹೇಳದೆ, ಜೋಳ ಮೇಯ್ದಿರುವುದನ್ನು ಮತ್ತು ಸಮಯವನ್ನು ತಿಳಿಸಬೇಕು. ವೈದ್ಯರು ಸರಿಯಾದ ಔಷಧದೊಂದಿಗೆ ಹೊರಡಲು ಇದರಿಂದ ಸಾಧ್ಯವಾಗುತ್ತದೆ.
4. ಗೊಬ್ಬರ, ಕೀಟನಾಶಕ ಅಥವಾ ನಾಟಿ ಔಷಧ ಬಳಸಿದ್ದರೆ ಸಂಕೋಚವಿಲ್ಲದೆ ಹೇಳಬೇಕು.
5. ರಾಸು ಮೇಯ್ದ ಬೆಳೆಯ ಒಂದಷ್ಟು ಗಿಡಗಳನ್ನು ಬುಡಸಹಿತ ಕಿತ್ತು, ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಂಪಾದ ಜಾಗದಲ್ಲಿಟ್ಟು ವೈದ್ಯರಿಗೆ ಒಪ್ಪಿಸಬೇಕು. ಬಯಲಿನಲ್ಲಿಟ್ಟರೆ ಹೈಡ್ರೋಸಯನಿಕ್ ಆಮ್ಲ ಆರಿಹೋಗಿ ಪರೀಕ್ಷೆಯಲ್ಲಿ ಕಾಣಿಸದು.
6. ಮೊಬೈಲ್‌ನಲ್ಲಿ ಬಂದ ಔಷಧದ ಹೆಸರನ್ನು ನಂಬಿ ತಾವೇ ಇಂಜೆಕ್ಷನ್ ಕೊಡುವುದು, ಕೊಡಿಸುವುದು ಮಾಡಬಾರದು. ಒಂದೇ ಲಕ್ಷಣಕ್ಕೆ ಎರಡು ವಿರುದ್ಧ ಚಿಕಿತ್ಸೆಗಳಿವೆ ಎಂಬುದನ್ನು ಮೇಲೆ ವಿವರಿಸಲಾಗಿದೆ.

ಉಪಸಂಹಾರ

ಎರೆಭೂಮಿಯ ಒಕ್ಕಲು ಕುಟುಂಬಕ್ಕೆ ಒಂದು ಜೋಡಿ ಎತ್ತು ಎಂದರೆ ಆ ವರ್ಷದ ಬಿತ್ತನೆ. ಒಂದು ಎಮ್ಮೆ ಎಂದರೆ ವಾರದ ಸಂತೆಯ ಖರ್ಚು. ಅದನ್ನು ಉಳಿಸುವ ಜ್ಞಾನ ಇಂದು ದೂರದ ಗ್ರಂಥಾಲಯದಲ್ಲಿ ಬೀಗ ಹಾಕಿಕೊಂಡು ಕುಳಿತಿಲ್ಲ. ಬಹುಪಾಲು ಉಚಿತವಾಗಿ, ಕೈಯೊಳಗಿನ ಯಂತ್ರದಲ್ಲಿಯೇ ದೊರೆಯುತ್ತದೆ. ಆದರೆ ಮಳೆ ಬೀಳುವ ಮೊದಲೇ ಅದನ್ನು ಓದಿಟ್ಟುಕೊಂಡ ವೈದ್ಯರು, ಕಂಡದ್ದನ್ನು ಕಂಡಂತೆ ಹೇಳುವ ಪಶುಪಾಲಕರು ಮತ್ತು ಫಲಿತಾಂಶವನ್ನು ಹಂಚಿಕೊಳ್ಳುವ ಸಹೋದ್ಯೋಗಿಗಳು ಇದ್ದಾಗ ಮಾತ್ರ ಆ ಜ್ಞಾನ ಹೊಲದವರೆಗೆ ತಲುಪುತ್ತದೆ.

ಹೆಚ್ಚಿನ ವಿವರಗಳಿಗಾಗಿ ಪಶುಪಾಲಕರು ತಮ್ಮ ಸಮೀಪದ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸಲು ಕೋರಲಾಗಿದೆ.